ಮೂರನೆಯ ಸಾಕು

ಮಂಜೇಶ್ವರದಲ್ಲಿ ಹತ್ತುವಾಗ ನಾನು ಲೋಲಾಕ್ಷಿ.
ಬೇಕಲದಲ್ಲಿ ಇಳಿದು, ರೆಸಾರ್ಟಿನ ಹಿಂಬಾಗಿಲಲ್ಲಿ
ಎದೆಗೆ ಪಟ್ಟಿ ಚುಚ್ಚಿಕೊಂಡ ಮೇಲೆ ಬರೇ ಲೋಲಾ.
ಅಷ್ಟುದ್ದದ ಹೆಸರು ಗೆಸ್ಟುಗಳ ಬಾಯಲ್ಲಿ ಹಿಡಿಯುವುದಿಲ್ಲವಂತೆ.
ಕಣ್ಣು ಎರಡನ್ನೂ ಹೊರಗೆ ಬಿಟ್ಟು
ಒಳಗೆ ಹಾಸುಬಟ್ಟೆ ಒಗೆಯುತ್ತೇನೆ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ,
ಪಂಚಾಯತಿನಲ್ಲಿ, ಟಿಕೇಟು ಕೌಂಟರಿನಲ್ಲಿ ಮಲೆಯಾಳ,
ಸೂಪರ್‌ವೈಸರ್ ಬೈಯುವುದು ಹಿಂದಿಯಲ್ಲಿ.
ಐದನೆಯದಕ್ಕೆ ನಾಲಗೆಯಲ್ಲಿ ಜಾಗ ಎಲ್ಲಿ ಎಂದರೆ
"ಮೀನಿನ ಬುಟ್ಟಿ ತುಂಬಿದ ಡಬ್ಬಿಯಲ್ಲೂ
ಇನ್ನೊಬ್ಬ ಕೂರುತ್ತಾನಲ್ಲ" ಅಂದರು ಇದಿನಬ್ಬ ಕಾಕ.

ಇಪ್ಪತ್ತಾರು ವರ್ಷ ಹಡಗಿನ ಅಡಿಗೆಕೋಣೆಯಲ್ಲಿ ಇದ್ದವರು.
ಗ್ರೀಕ್ ಕ್ಯಾಪ್ಟನ್, ಫಿಲಿಪ್ಪೀನಿನ ಹುಡುಗರು,
ಎಲ್ಲರ ಹಸಿವಿಗೂ ಒಂದೇ ಇಂಗ್ಲಿಷು.
ಈಗ ಕಾಞಂಗಾಡಿನ ಬೇಕರಿಯಲ್ಲಿ ಪಫ್ಸ್ ಮಡಚುತ್ತಾರೆ.
ಉಪ್ಪಳದಲ್ಲಿ ಹತ್ತಿ, ಎದುರು ಕೂತು,
ಜೇಬಿನಿಂದ ಕಡಲೆಯ ಪೊಟ್ಟಣ ತೆಗೆದರೆ ಪಾಠ ಶುರು.
ಗ್ರಾಮರ್ ಇಲ್ಲ. ಕುಂಬಳೆಗೊಂದು ಮಾತು, ಕಾಸರಗೋಡಿಗೊಂದು.
ಕಳನಾಡಿನ ಸುರಂಗದಲ್ಲಿ ಬಾಯಿ ಮುಚ್ಚಿ
ಮನಸ್ಸಿನಲ್ಲೇ ಹೇಳಿಕೊಳ್ಳಬೇಕು.

"ಐ ಆಮ್ ಅಫ್ರೇಡ್" ಕಲಿತದ್ದು ಶಿರಿಯ ಹೊಳೆಯ ಸೇತುವೆಯ ಮೇಲೆ.
ಐ ಆಮ್ ಅಫ್ರೇಡ್, ನೋ ರೂಮ್ ಟುಡೇ.
ರೂಮು ಇಲ್ಲದಿದ್ದರೆ ಹೆದರುವುದು ಎಂತಕ್ಕೆ ಕಾಕ?
"ಹೆದರಿಕೆ ಅಲ್ಲ ಮೋಳೇ. ಇಲ್ಲ ಎನ್ನುವ ಮೊದಲು
ಸ್ವಲ್ಪ ನಡುಗಿದ ಹಾಗೆ ಮಾಡುತ್ತಾರೆ.
ಅವರಲ್ಲಿ ಅದು ಮರ್ಯಾದೆ."

ಹೌ ಆರ್ ಯು ಎಂದರೆ ಉತ್ತರ ಬೇಕಾಗಿಲ್ಲ.
ನಾನೊಮ್ಮೆ ಒಬ್ಬಳಿಗೆ ಸೊಂಟನೋವಿನಿಂದ ತೊಡಗಿ ಹೇಳಹೊರಟೆ,
ಲಿಫ್ಟು ಬಂತು, ಅವಳು ಹೋದಳು.

ಮತ್ತೆ ಆ ಹೆಲ್ಪ್ ಯುವರ್ಸೆಲ್ಫ್.
ಹನ್ನೆರಡನೇ ನಂಬ್ರದ ಮುದುಕಿ
ಹಣ್ಣಿನ ತಟ್ಟೆ ತೋರಿಸಿ ಹಾಗೆಂದಾಗ
ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದಿದ್ದೆ.
ನಿನಗೆ ಯಾರೂ ಇಲ್ಲ, ನಿನ್ನ ಪಾಡು ನೀನೇ ನೋಡಿಕೋ
ಅಂದಂತೆ ಕೇಳಿತ್ತು ನನಗೆ.
"ಬೇಕಾದಷ್ಟು ತೆಗೆದುಕೋ ಅಂದದ್ದು ಮಾರಾಯ್ತಿ!"
ಕಾಕ ತೊಡೆ ತಟ್ಟಿ ನಕ್ಕರು.

ಬೇಕಾದಷ್ಟು ಎಂದರೆ ಎಷ್ಟು?
ನಮ್ಮಲ್ಲಿ ಅದು ಬಡಿಸುವವರ ಕೈಗೆ ಗೊತ್ತು.
ಮೊದಲನೆಯ ಸಾಕು ನಾಚಿಕೆಗೆ, ಎರಡನೆಯದು ಮಾತಿಗೆ,
ಮೂರನೆಯ ಸಾಕಿಗೆ ಎಲೆಯ ಮೇಲೆ ಕೈ ಅಡ್ಡ ಬಂದರೂ
ಬೆರಳ ಸಂದಿಯಲ್ಲಿ ಒಂದು ಸೌಟು.
ಇಂಗ್ಲಿಷಿನಲ್ಲಿ ಇರುವುದು ಒಂದೇ ಸಾಕು.
ಒಮ್ಮೆ ನೋ ಅಂದಿರೋ, ತಟ್ಟೆ ಹೋಯಿತು.
ಹಾಗೆ ಕ್ರಿಸ್‌ಮಸ್ಸಿಗೆ ನಾನು
ಆಸೆಪಟ್ಟ ಕೇಕು ಕಳಕೊಂಡೆ.

ಮೊನ್ನೆ ಶನಿವಾರ ಮ್ಯಾನೇಜರು ಕರೆದರು.
ಒಗೆಯುವ ಕೆಲಸ ಕಣ್ಣೂರಿನ ಕಂಪೆನಿಗೆ ಕಂಟ್ರಾಕ್ಟಂತೆ.
"ಐ ಆಮ್ ಅಫ್ರೇಡ್, ಲೋಲಾ" ಎಂದು ತೊಡಗಿದರು.
ಮಲೆಯಾಳ ಅವರ ಅಮ್ಮನ ಭಾಷೆ, ನನಗೂ ಬರುತ್ತದೆ.
ಅದರಲ್ಲಿ ಹೇಳಿದ್ದರೆ
ನನ್ನ ಮುಖ ನೋಡಬೇಕಾಗುತ್ತಿತ್ತು.
ನಾನು ಅವರ ಕೈ ನೋಡಿದೆ.
ಪೆನ್ನು ತಿರುಗುತ್ತಿತ್ತು. ನಡುಕ ಏನೂ ಕಾಣಲಿಲ್ಲ.
ಸೋಡಾಪುಡಿಗೆ ಬೆಳ್ಳಗಾದ ನನ್ನ ಕೈಯನ್ನು
ಬೆನ್ನ ಹಿಂದೆ ಕಟ್ಟಿ ಹೇಳಿದೆ:
"ಹೆಲ್ಪ್ ಯುವರ್ಸೆಲ್ಫ್, ಸರ್."
ನನಗೆ ಮೊದಲು ಕೇಳಿದ ಅರ್ಥದಲ್ಲಿ.

ಸಂಜೆಯ ಗಾಡಿಯಲ್ಲಿ ಕಾಕ
ಕೋಟಿಕುಳದಿಂದ ಮೊಗ್ರಾಲ್ ಹೊಳೆಯವರೆಗೆ ನಕ್ಕರು, ಕೆಮ್ಮಿದರು.
"ಪ್ರಯೋಗ ತಪ್ಪು" ಅಂದರು.
ಆಮೇಲೆ ತುಂಬ ಹೊತ್ತು ಕಿಟಕಿ ನೋಡಿದರು.
ಕಡಲೆ ನನ್ನ ಕಡೆ ಹಿಡಿದರು. ಸಾಕು ಅಂದೆ. ಸುರಿದರು.
ಕುಂಬಳೆ ದಾಟಿತು. ಸಾಕು ಕಾಕ ಅಂದೆ. ಸುರಿದರು.
ಉಪ್ಪಳದಲ್ಲಿ ಇಳಿಯುವಾಗ, ಸಾಕೆಂದು ಕೈ ಅಡ್ಡ ಹಿಡಿದರೂ
ಪೊಟ್ಟಣವನ್ನೇ ನನ್ನ ಮಡಿಲಿಗೆ ಕವುಚಿ,
"ನಾಳೆ ವಾಟ್ ಎ ಶೇಮ್ ಕಲಿಸುತ್ತೇನೆ" ಎಂದು ಹೋದರು.

ಪಾಸಿನಲ್ಲಿ ಇನ್ನು ಒಂಬತ್ತು ದಿನ ಉಂಟು.
ಅದರಲ್ಲಿ ನನ್ನ ಹೆಸರು ಪೂರ್ತಿ ಬರೆದಿದ್ದಾರೆ,
ಕಣ್ಣು ಸಮೇತ.