ಅಂತೆ

ಕ್ಯಾಸೆಟ್ಟಿನಲ್ಲಿ ಮೊದಲು ಕೋಳಿ, ಆಮೇಲೆ ಗಾಳಿ,
ಆಮೇಲೆ ನನ್ನದೇ ಎಳಸು ದನಿ:
ಹೇಳಿ ಫೊರ್ತುನಾತಾ, ಆ ರಾತ್ರಿ…

ಈ ಬೆಟ್ಟದವರ ಕೆಚುವಾದಲ್ಲಿ
ಸುದ್ದಿ ಬರಿಗಾಲಲ್ಲಿ ಬರುವುದಿಲ್ಲ.
ಕಣ್ಣಾರೆ ಕಂಡದ್ದಾದರೆ ತುದಿಗೊಂದು ಮೊಳೆ,
ಯಾರೋ ಹೇಳಿದ್ದಾದರೆ ಒಂದು ಸಡಿಲ ದಾರ.
ಲೀಮಾದಿಂದ ಬಸ್ಸು ಹತ್ತಿ ಬಂದ ನನಗೆ
ಇಷ್ಟು ತಿಳಿಯಲು ಎರಡು ಚಳಿಗಾಲ ಹಿಡಿಯಿತು.

ಮೊದಲ ಸಲ ಅವಳು ಹೇಳಿದ್ದು:
ನಾಯಿ ಬೊಗಳಲಿಲ್ಲ. ಗುರುತಿನವರೇ ಬಂದರು.
ತಮ್ಮ ಎಮೆತೇರಿಯೊನನ್ನು ಕುರಿದೊಡ್ಡಿಗೆ ಎಳೆದರು.
ಅವನ ಒಂದು ಚಪ್ಪಲಿ ಒಲೆಯ ಹತ್ತಿರವೇ ಉಳಿಯಿತು.
ಕಂದೀಲು ಹಿಡಿದಿದ್ದವನು ಪಕ್ಕದ ಮನೆಯ ಸಿಪ್ರಿಯಾನೊ.
ಮಾತು ಮಾತಿಗೂ ಮೊಳೆ.
ಆ ಹೆಸರಿನ ಕೆಳಗೆ ಗೆರೆ ಎಳೆದೆ, ಎರಡು ಸಲ.

ಹನ್ನೊಂದು ವರ್ಷದ ಮೇಲೆ
ಅದೇ ಕಲ್ಲುಗೋಡೆ, ಅದಕ್ಕೊರಗಿ ಅವಳು,
ಹಿಮಕ್ಕೊಡ್ಡಿ ಒಣಗಿಸಿದ ಆಲೂಗಡ್ಡೆ ಆರಿಸುತ್ತ:
ನಾಯಿ ಬೊಗಳಲಿಲ್ಲ. ಚಪ್ಪಲಿ ಒಲೆಯ ಹತ್ತಿರ.
ಕಂದೀಲು ಹಿಡಿದಿದ್ದವನು ಸಿಪ್ರಿಯಾನೊ ಅಂತೆ.

ಅಂತೆ?
ಟೇಪು ನಿಲ್ಲಿಸಿದೆ. ನೀವೇ ಕಂಡಿದ್ದಿರಲ್ಲ?

ಕೊಳೆತದ್ದೊಂದನ್ನು ಕೋಳಿಗೆಸೆದಳು.
"ಕಂಡ ಕಣ್ಣು ನನ್ನದೇ, ಯಾರಿಗೂ ಕೊಟ್ಟಿಲ್ಲ.
ಆದರೆ ಕಾಲುವೆ ನೀರು
ಮಂಗಳವಾರ ನಡುರಾತ್ರಿಯವರೆಗೆ ನನ್ನ ಪಾಳಿ,
ಆಮೇಲೆ ಅವನದು.
ಹಲಗೆ ಎತ್ತಿ ನೀರು ತಿರುಗಿಸುವಾಗ
ಅಲ್ಲಿ ಇಬ್ಬರೇ ಇರುತ್ತೇವೆ.
ಕಂದೀಲು ಅವನ ಕೈಯಲ್ಲಿರುತ್ತದೆ.
ನಾನು ಮನೆಗೆ ಬರಬೇಕಲ್ಲ ಮಗಳೇ,
ಆ ಬೆಳಕಿನಲ್ಲೇ."

ರಾತ್ರಿ ನೋಟುಪುಸ್ತಕದಲ್ಲಿ
ಮರೆವು ಎಂದು ಬರೆದೆ, ಹೊಡೆದುಹಾಕಿದೆ.
ಕ್ಷಮೆ ಎಂದು ಬರೆದೆ. ಅದನ್ನೂ.
ಭಯ? ಪೆನ್ನು ಅಲ್ಲೇ ನಿಂತಿತು ಬಹಳ ಹೊತ್ತು.
ಸ್ಪ್ಯಾನಿಷಿಗೆ ಇಳಿಸಿದರೆ
ಎರಡೂ ವರ್ಷದ ವಾಕ್ಯ ಒಂದೇ ಆಗುತ್ತದೆ,
ಚುಕ್ಕೆ ಸಮೇತ.
ಆಯೋಗದವರು ಓದುವುದು ಅದನ್ನೇ.

ಹೊರಡುವ ಹಿಂದಿನ ದಿನ ಸಿಪ್ರಿಯಾನೊನ ಬಾಗಿಲಿಗೆ ಹೋದೆ.
ಕುರ್ಚಿ ಕೊಟ್ಟ, ಸೂಪು ಕೊಟ್ಟ.
ಮೆಷೀನು ಬೇಡ ಅಂದ.
ಮಳೆ, ಕುರಿಗಳ ಕಜ್ಜಿ, ಹೊಸ ಮೇಷ್ಟರು,
ಎಲ್ಲ ಮುಗಿದ ಮೇಲೆ, ಬಾಗಿಲ ಕಡೆಗೆ ನೋಡುತ್ತ,
ಆ ರಾತ್ರಿ ಕಂದೀಲು ಹಿಡಿದಿದ್ದವನು ನಾನು, ಅಂದ.

ತುದಿಯಲ್ಲಿ ಮೊಳೆಯಿತ್ತು.

ನೀರು ಬಿಡುವ ಹೊತ್ತಾಯಿತೆಂದು ಎದ್ದ.
ಕಂದೀಲಿನ ಗಾಜು ತೆಗೆದು
ಅಂಗಿಯ ಅಂಚಿನಲ್ಲಿ ಒರೆಸಿದ,
ಬೆಳಕಿಗೆ ಹಿಡಿದು ನೋಡಿ
ಮತ್ತೊಮ್ಮೆ ಒರೆಸಿದ.