ಲೆಕ್ಕದಲ್ಲಿ ಸತ್ತದ್ದು

ನರ್ಸರಿಯ ಕೊನೇ ಸಾಲಲ್ಲಿ ಉಳಿದದ್ದು ಅದೊಂದೇ.
ಚೀಟಿ ಮಳೆಗೆ ತೊಳೆದು ಬೆಳ್ಳಗಾಗಿತ್ತು.
‘ನೀಲಗಿರಿಯಲ್ಲೇ ಯಾವುದೋ ಜಾತಿ, ಬೇಕಾದರೆ ಒಯ್ಯಿ ಹೊನ್ನಿ,
ಸತ್ತದ್ದೆಂದು ಬರೆದುಕೊಳ್ಳುತ್ತೇನೆ’ ಅಂದರು ಗಾರ್ಡ್.
ಲೆಕ್ಕದಲ್ಲಿ ಸತ್ತದ್ದನ್ನು
ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು
ಅಮದಳ್ಳಿಗೆ ತಂದೆ. ಟಿಕೆಟು ಒಂದೇ.

ಮೊದಲ ವರ್ಷ ಎಲೆ ಅಂಗೈಯಗಲ, ದುಂಡಗೆ.
ಮರುವರ್ಷ ಅದೇ ಕಾಂಡದಲ್ಲಿ
ಕುಡುಗೋಲಿನ ಹಾಗೆ ಬಾಗಿ ಜೋತ ಎಲೆ.
‘ಯಾರೋ ರಾತ್ರಿ ಬಂದು ಬದಲಿಸಿಟ್ಟರೇನೇ?’
ಅಂದಳು ಮಾದೇವಿ, ನಗದೆ.

ದೋಣಿಯ ಗಳ ತಂದು ಪಕ್ಕಕ್ಕೆ ನಿಲ್ಲಿಸಿದೆವು:
ದೀಪಾವಳಿಗೆ ಗಳಕ್ಕಿಂತ ಮೊಳ ಗಿಡ್ಡ,
ಯುಗಾದಿಗೆ ಗಳ ಸೋತಿತು.
ಆಮೇಲೆ ಅಳೆಯುವುದನ್ನೇ ಬಿಟ್ಟೆವು,
ಕತ್ತು ನೋಯುತ್ತಿತ್ತು.

ಪಕ್ಕದ ಶಾಂತಾರಾಮ ಮಾತ್ರ ಅಳೆಯುತ್ತಿದ್ದ,
ಕೆಳಮುಖವಾಗಿ.
ಬಾವಿಯ ಹಗ್ಗಕ್ಕೆ ಬೇಸಿಗೆಗೊಂದು ಗಂಟು,
ಒಂದಕ್ಕಿಂತ ಒಂದು ಕೆಳಗೆ.
ಅವನು ಹೇಳಿದ್ದು ಸುಳ್ಳಲ್ಲ, ನಾನೂ ಅದೇ ನೀರು ಸೇದುವವಳು.

ಕಾರವಾರದ ಕಾಲೇಜಿನ ಮಾಸ್ತರರು ಬಂದರು.
ಎಲೆ ತಿಕ್ಕಿ ಮೂಸಿದರು: ‘ಇದರಲ್ಲಿ ಏನೂ ತಿಳಿಯುವುದಿಲ್ಲ,
ಎಲ್ಲದಕ್ಕೂ ನೆಗಡಿ ಮದ್ದಿನ ವಾಸನೆಯೇ.
ಮೊಗ್ಗು ಬೇಕು, ಕಾಯಿ ಬೇಕು.’
ಎರಡೂ ತೆಂಗಿನ ತಲೆಯ ಮೇಲೆ, ಹದ್ದಿನ ನೆರೆಯಲ್ಲಿ.
ಕೆಳಗೆ ಸಿಗುವುದು ಪಟ್ಟಿ ಪಟ್ಟಿ ಸುಲಿದ ತೊಗಟೆ,
ಅದು ನನ್ನ ಒಲೆಗೆ ಚೆನ್ನಾಗಿ ಗೊತ್ತು.

ಗಾಳಿ ಬೀಸಿದ ಒಂದು ಬೆಳಗ್ಗೆ ಟೊಂಗೆಯೊಂದು ಬಿತ್ತು.
ಮೊಗ್ಗಿಗೆ ಚೂಪು ಟೊಪ್ಪಿಗೆ; ಉಗುರು ತಾಗಿದರೆ
ಟಪ್ಪೆಂದು ಹಾರಿ, ಒಳಗಿಂದ ಬಿಳಿ ಎಳೆಗಳು.
ಒಣಗಿದ ಕಾಯಿಯ ಬಾಯಲ್ಲಿ ನಾಲ್ಕು ಹಲ್ಲು.
ಬೀಡಿ ಡಬ್ಬಿಯಲ್ಲಿ ಹಾಕಿ ಕಾರವಾರಕ್ಕೆ ಹೋದೆ.
ಮಾಸ್ತರರಿಗೆ ವರ್ಗವಾಗಿತ್ತು.

ಶಾಂತಾರಾಮ ಕೊಡಲಿ ಮಸೆದ ದಿನ
ಪುರ್ಸು ಹರಿಕಂತ್ರ ಬಲೆ ಹೊತ್ತೇ ಓಡಿ ಬಂದ:
‘ಕಡಿದರೆ ನಮ್ಮ ಗತಿಯೇನು ಮಾರಾಯ?
ಗುಡ್ಡದ ಕುತ್ತಿಗೆಗೆ ಹೊನ್ನಿ ಮರ ನೆಟ್ಟಗೆ ಬಂತೆಂದರೆ
ಅಡಿಗೆ ಬಂಡೆ, ಬಲೆ ಬಿಡಬಾರದು.
ಸಮುದ್ರದಲ್ಲಿ ಎಲ್ಲರೂ ಅದನ್ನೇ ನೋಡುವುದು.’
ಹೊನ್ನಿ ಮರ!
ನನ್ನ ಹೆಸರು ಅಷ್ಟು ದೂರಕ್ಕೆ ಕಾಣುತ್ತಿದೆಯೆಂದು
ನನಗೆ ಯಾರೂ ಹೇಳಿರಲಿಲ್ಲ.
ಶಾಂತಾರಾಮ ಕೊಡಲಿಯನ್ನು ಗೋಡೆಗೆ ಒರಗಿಸಿದ.
ಆ ಬೇಸಿಗೆಯೂ ಹಗ್ಗಕ್ಕೆ ಗಂಟು ಹಾಕಿದ.

ಮೊನ್ನೆ ಮರ ಎಣಿಸುವ ಹುಡುಗ ಬಂದಿದ್ದ, ಹೊಸಬ, ಅವಸರದವ.
ಮೇಲೆ ನೋಡದೆ ಕೇಳಿದ, ‘ಇದಕ್ಕೆ ಇಲ್ಲಿ ಏನಂತಾರೆ?’
ದಣಪೆಯಲ್ಲಿದ್ದ ಮಕ್ಕಳು ಕೂಗಿದವು.
ಅವನು ಬರೆದುಕೊಂಡ: ಹೊನ್ನೆ, ಒಂದು.
ದೀಪಕ್ಕೆ ಎಣ್ಣೆ ಕೊಡುವ ಹೊನ್ನೆ ಬೇರೆಯೇ ಮರ,
ಎಲೆ ಬೇರೆ, ಕಾಯಿ ಬೇರೆ, ಗುಣ ಬೇರೆ.
ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.
ಒಂದು ಪುಸ್ತಕದಲ್ಲಿ ಸತ್ತದ್ದು
ಇನ್ನೊಂದರಲ್ಲಿ ಹೇಗೋ ಇರಲಿ.

ಬೀಡಿ ಡಬ್ಬಿ ಅಲುಗಿಸಿದರೆ ಈಗಲೂ ಸದ್ದಾಗುತ್ತದೆ.