ಮಾಸ್ಲೋ

ಮಳೆ ಹಿಡಿಯುವ ಮೊದಲು ಟ್ಯಾಂಕಿಗೆ ಬಣ್ಣ ಬಳಿಯುವ ಗುತ್ತಿಗೆ
ಈ ಸಲವೂ ನನ್ನದೇ.
ಕಾರವಾರದ ಕಡಲು ಕಬ್ಬಿಣವನ್ನು ಹಪ್ಪಳದಂತೆ ಮುರಿಯುತ್ತದೆ;
ಉಜ್ಜಿದಷ್ಟೂ ಕೆಂಪು ಹುಡಿ.

ಪುರಸೋ ತಳೇಕರ ಬಂದ, ಕೈಯಲ್ಲಿ ಬಂಗಡೆಯ ಚೀಲ.
ಬಾಗಿ ಅದರ ಹೊಟ್ಟೆಯಡಿ ಇಣುಕಿದ.
ಇಪ್ಪತ್ತೆರಡು ವರ್ಷ ಇಂಥವುಗಳ ಕೆಳಗೇ ಮಲಗಿದವನು.
"ಇದರ ತಮ್ಮಂದಿರಿಗೆ ಹೊಸ ಎಂಜಿನು ಇಳಿಸಿದೆವು,
ಕತ್ತಲಲ್ಲಿ ಕಾಣುವ ಕಣ್ಣು ಕೂರಿಸಿದೆವು.
ಚರ್ಮ ಮಾತ್ರ ರಷ್ಯಾದ ಹಳೆಯದೇ.

ಅವರು ಯಾರಿಗೆಲ್ಲ ಮಾರಿದ್ದಾರೋ ಮಾರಾಯ!
ಒಮ್ಮೆ ಪೇಪರಿನಲ್ಲಿ ಫೋಟೊ, ಯಾವುದೋ ಮರಳುಗಾಡು,
ಎದುರುಬದುರು ಸುಟ್ಟು ನಿಂತ ಎರಡು.
ಎರಡಕ್ಕೂ ನನ್ನ ಮೂವತ್ತೆರಡರ ಪಾನಾ ಕೂಡುತ್ತಿತ್ತು."
ಅಂದವನೇ ಚೀಲದ ನೀರು ಹಿಂಡಿದ.

ನಾಲ್ಕನೆಯ ಪದರ ಕೆರೆದಾಗ ಒಂದು ತಗಡು,
ಮೇಲೆ ತಿರುಗಾಮುರುಗಾ ಅಕ್ಷರ.
ಕನ್ನಡಕ ಹಣೆಗೇರಿಸಿ, ಒಂದನೇ ಇಯತ್ತೆಯ ಹುಡುಗನ ಹಾಗೆ
ಕೂಡಿಸಿ ಓದಿದ: "ಮಾ... ಸ್ಲೋ.
ಎಣ್ಣೆ. ಬೆಣ್ಣೆಗೂ ಅವರಲ್ಲಿ ಇದೇ ಮಾತು.
ಕಲಿಸಲು ಬಂದಿದ್ದ ಹುಡುಗ
ಬ್ರೆಡ್ಡಿಗೆ ಸವರಿ ತೋರಿಸಿ ನಕ್ಕಿದ್ದ, ಕೈ ತುಂಬ ಗ್ರೀಸು.
ಅವನ ಮೊಮ್ಮಗ ಈಗ
ಯಾವುದರೊಳಗೆ ಕೂತಿದ್ದಾನೋ."

ಬೆಕ್ಕೊಂದು ಚೀಲದ ಸುತ್ತ ಸುತ್ತುತ್ತಿತ್ತು.

ಗುತ್ತಿಗೆ ಕಾಗದದಲ್ಲಿ ಬರೆದಿದೆ: ಮೈಪೂರ್ತಿ, ಎರಡು ಕೈ.
ನಾನು ಆ ನಾಲ್ಕು ಬೆರಳಗಲ ಬಿಟ್ಟು ಬಳಿದೆ.
ಸೋಮವಾರ ಇಂಜಿನಿಯರ್ ನೋಡಿದರೆ ಬಿಲ್ಲು ತಡೆಯುತ್ತಾನೆ.
ಪುರಸೋ ಮರುದಿನ ಮನೆಯಿಂದ
ಬಾಟಲಿ ಮುಚ್ಚಳದಲ್ಲಿ ಕೊಬ್ಬರಿ ಎಣ್ಣೆ ತಂದು
ತಗಡಿಗೆ ತಿಕ್ಕಿ ಹೋದ,
ಒಂದು ಮಾತೂ ಆಡದೆ.